ಗ್ಯಾರೆಟ್ ಕ್ರೋಶೇ: 6 ಗೆದ್ದವನೂ ಅವನೇ, 18 ಗೆದ್ದವನೂ ಅವನೇ

ಪ್ರಶ್ನೆ: ಬಾಸ್ಟನ್ ಹತ್ತಿರ ಕೆಲಸದಲ್ಲಿದ್ದೇನೆ. ಆಫೀಸಿನಲ್ಲಿ 12 ಜನರ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಇದೆ, ಅಂದರೆ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಹಂಚಿಕೊಂಡು ಅವರ ಅಂಕಿಗಳ ಮೇಲೆ ಆಡುವ ಆಟ. ಚೆಂಡು ಎಸೆಯುವ ಪಿಚರ್‌ಗಳಿಗೆ ಗೆಲುವು, ಸೇವ್ (ಮುನ್ನಡೆ ಕಾಯ್ದು ಪಂದ್ಯ ಮುಗಿಸುವುದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ (ಕೊಟ್ಟ ರನ್ನಿನ ಸರಾಸರಿ), ವಿಪ್ (ಇನ್ನಿಂಗ್ಸ್‌ಗೆ ಕೊಟ್ಟ ಹಿಟ್ ಮತ್ತು ವಾಕ್) ಅಂತ ಐದು ಲೆಕ್ಕ. 2024ರಲ್ಲಿ ಶಿಕಾಗೋದ ವೈಟ್ ಸಾಕ್ಸ್ ತಂಡದ ಪಿಚರ್ ಕ್ರೋಶೇ ನನಗೆ 1 ಡಾಲರ್‌ಗೆ ಸಿಕ್ಕಿದ್ದ. ವರ್ಷದ ಕೊನೆಗೆ 6 ಗೆಲುವು, 12 ಸೋಲು. ನೋಡಿ ಬೇಜಾರಾಗಿ ಬಿಟ್ಟುಬಿಟ್ಟೆ. 2025ರಲ್ಲಿ ಅವನು ಬಾಸ್ಟನ್ನಿನ ರೆಡ್ ಸಾಕ್ಸ್‌ಗೆ ಬಂದು 18 ಗೆದ್ದ, 5 ಮಾತ್ರ ಸೋತ. ಒಂದೇ ವರ್ಷದಲ್ಲಿ ಅಷ್ಟೊಂದು ಬದಲಾದನಾ? 2026ರ ಹರಾಜಿನಲ್ಲಿ ಎಷ್ಟರವರೆಗೆ ಕೂಗಬಹುದು?

ಉತ್ತರ: ಅವನು ಬದಲಾಗಿದ್ದಕ್ಕಿಂತ ಅವನ ಜೆರ್ಸಿ ಬದಲಾಗಿದ್ದೇ ಜಾಸ್ತಿ. ನೀವು ಕೈಬಿಟ್ಟ ವರ್ಷದ ಅಂಕಿಗಳನ್ನೇ ಮತ್ತೆ ನೋಡಿ. 2024ರಲ್ಲಿ 146 ಇನ್ನಿಂಗ್ಸ್ (ಇಲ್ಲಿ ಮೂರು ಔಟ್‌ಗೆ ಒಂದು ಇನ್ನಿಂಗ್ಸ್), 209 ಸ್ಟ್ರೈಕ್‌ಔಟ್, 33 ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್). 2025ರಲ್ಲಿ 205 ಇನ್ನಿಂಗ್ಸ್, 255 ಸ್ಟ್ರೈಕ್‌ಔಟ್, 46 ವಾಕ್. ಒಂಬತ್ತು ಇನ್ನಿಂಗ್ಸ್‌ಗೆ ಇಷ್ಟು ಅಂತ ಲೆಕ್ಕ ಹಾಕಿದರೆ ವಾಕ್ ಎರಡೂ ವರ್ಷ 2ರ ಆಸುಪಾಸು. ಸ್ಟ್ರೈಕ್‌ಔಟ್ ಮಾತ್ರ 12.9ರಿಂದ 11.2ಕ್ಕೆ ಇಳಿದಿದೆ. ಅಂದರೆ ಬ್ಯಾಟರ್‌ಗಳನ್ನು ಹೆಚ್ಚು ಗೋಳಾಡಿಸಿದ್ದು ಆ ಸೋಲಿನ ವರ್ಷದಲ್ಲೇ!

ಹಾಗಾದರೆ ಗೆಲುವು ಯಾಕೆ ಬರಲಿಲ್ಲ? ಆ ವರ್ಷ ವೈಟ್ ಸಾಕ್ಸ್ 162 ಪಂದ್ಯಗಳಲ್ಲಿ 121 ಸೋತಿತು. ಆಧುನಿಕ ಬೇಸ್‌ಬಾಲ್‌ನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. ಪಿಚರ್ ಎಷ್ಟೇ ಚೆನ್ನಾಗಿ ಎಸೆದರೂ ತನ್ನವರು ರನ್ ಹೊಡೆಯದಿದ್ದರೆ ಗೆಲುವು ಅವನ ಹೆಸರಿಗೆ ಬರಲ್ಲ. ಜೊತೆಗೆ ಒಂದು ನಿಯಮವೂ ಇದೆ. ಸ್ಟಾರ್ಟಿಂಗ್ ಪಿಚರ್‌ಗೆ ಗೆಲುವು ಬರೆಯಬೇಕಾದರೆ ಅವನು ಕನಿಷ್ಠ ಐದು ಇನ್ನಿಂಗ್ಸ್ ಎಸೆದಿರಬೇಕು. ಕ್ರೋಶೇಯನ್ನು ಜುಲೈ ನಂತರ ನಾಲ್ಕು ಇನ್ನಿಂಗ್ಸ್ ಆಗುತ್ತಿದ್ದಂತೆ ಹೊರಗೆ ಕೂರಿಸುತ್ತಿದ್ದರು. ಸೋಲು ಬರಬಹುದು, ಗೆಲುವು ಬರೋ ಹಾಗಿಲ್ಲ. ಎಂಥಾ ನ್ಯಾಯ ನೋಡಿ!

ಕೂರಿಸಿದ್ದಕ್ಕೆ ಕಾರಣ ಇತ್ತು. 2022ರ ಏಪ್ರಿಲ್‌ನಲ್ಲಿ ಅವನ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. 2024ಕ್ಕೆ ಮುಂಚೆ ಮೇಜರ್ ಲೀಗ್‌ನಲ್ಲಿ ಅವನು ಎಸೆದಿದ್ದು ಒಟ್ಟು 73 ಇನ್ನಿಂಗ್ಸ್. ಅದೂ ಪಂದ್ಯದ ಮಧ್ಯೆ ಬಂದು ಹೋಗುವ ರಿಲೀಫ್ ಪಿಚರ್ ಆಗಿ. ಅಂಥವನ ಕೈಗೆ ಸೀಸನ್ನಿನ ಮೊದಲ ಪಂದ್ಯದ ಚೆಂಡು ಕೊಟ್ಟರು. ಫಾಸ್ಟ್‌ಬಾಲ್ ಗಂಟೆಗೆ 97 ಮೈಲಿ, ಅಂದರೆ ಸುಮಾರು 156 ಕಿಲೋಮೀಟರ್. ಜೊತೆಗೆ ಪಕ್ಕಕ್ಕೆ ಜಾರುವ ಸ್ಲೈಡರ್ ಇತ್ತು, ವೇಗವಾಗಿ ಬಂದು ಕೊನೆಗೆ ಸ್ವಲ್ಪ ತಿರುಗುವ ಕಟರ್ ಹೊಸದಾಗಿ ಕಲಿತಿದ್ದ. ರಿಲೀಫ್‌ಗೆ ಎರಡು ಥರದ ಎಸೆತ ಸಾಕು. ಅದೇ ಬ್ಯಾಟರ್ ಮೂರನೇ ಸಲ ಎದುರು ಬಂದಾಗ ಸಾಲಲ್ಲ. ಆ ಕಟರ್ ಇಲ್ಲದಿದ್ದರೆ ಈ ಪ್ರಶ್ನೆ ಕೇಳೋ ಸಂದರ್ಭವೇ ಬರ್ತಿರಲಿಲ್ಲ ಅನ್ನೋದು ನನ್ನ ಅಂದಾಜು.

ಇನ್ನು ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರುವ ರನ್, ಕಮ್ಮಿ ಇದ್ದಷ್ಟೂ ಒಳ್ಳೆಯದು. ಅದು 3.58ರಿಂದ 2.59ಕ್ಕೆ ಇಳಿಯಿತು. ಆದರೆ ಎಫ್‌ಐಪಿ ಅಂತ ಇನ್ನೊಂದು ಅಳತೆ ಇದೆ. ಫೀಲ್ಡರ್‌ಗಳ ಕೈವಾಡ ತೆಗೆದು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಇಂಥವನ್ನಷ್ಟೇ ನೋಡುವ ಅಳತೆ. ಅದರಲ್ಲಿ 2024ಕ್ಕೆ 2.69, 2025ಕ್ಕೆ 2.89. 1 ಡಾಲರ್ ಆಟಗಾರನನ್ನು ಬಿಡುವ ಮುಂಚೆ ಇದೊಂದನ್ನು ನೋಡಿದ್ದರೆ ಸಾಕಿತ್ತು. ಹೋಗಲಿ ಬಿಡಿ, ನಾನೂ ಇಂಥದ್ದು ಮಾಡಿಕೊಂಡಿದ್ದೇನೆ.

2025ರಲ್ಲಿ ನಿಜವಾಗಿ ಬೆಲೆ ಏರಿಸಿದ್ದು ಇನ್ನಿಂಗ್ಸ್. ನಿಮ್ಮ ತಂಡದ ಪಿಚರ್‌ಗಳೆಲ್ಲ ಸೇರಿ ವರ್ಷಕ್ಕೆ 1,300 ಇನ್ನಿಂಗ್ಸ್ ಎಸೆಯುತ್ತಾರೆ ಅಂದುಕೊಳ್ಳಿ. ಉಳಿದವರ ಇಆರ್‌ಎ 4.00 ಇರಲಿ. ಕ್ರೋಶೇ 2.59ರಂತೆ 100 ಇನ್ನಿಂಗ್ಸ್ ಎಸೆದರೆ ತಂಡದ ಇಆರ್‌ಎ 3.89. ಅದೇ ಲೆಕ್ಕದಲ್ಲಿ 205 ಎಸೆದರೆ 3.78. ದೊಡ್ಡ ಪಾತ್ರೆ ಹುಳಿಗೆ ಒಂದು ಚಮಚ ತುಪ್ಪ ಹಾಕಿದರೆ ಗೊತ್ತೇ ಆಗಲ್ಲ, ಒಂದು ಸೌಟು ಹಾಕಿದರೆ ಘಮ ಅನ್ನುತ್ತೆ.

ಬೆಲೆಗೆ ಬರೋಣ. ತಲಾ 260 ಡಾಲರ್ ಬಜೆಟ್ ಇದ್ದರೆ ನಾನು 33ರವರೆಗೆ ಕೂಗುತ್ತೇನೆ, 40ಕ್ಕೆ ಹೋಗಲ್ಲ. ಕೌಶಲದ ಬಗ್ಗೆ ಅನುಮಾನ ಇಲ್ಲ, ಮೊಣಕೈ ಬಗ್ಗೆ ಇದೆ. ಅಟ್ಲಾಂಟಾದ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ ನೆನಪಿದೆಯಾ? 2023ರಲ್ಲಿ 20 ಗೆಲುವು, 281 ಸ್ಟ್ರೈಕ್‌ಔಟ್. ಮರುವರ್ಷ ಎರಡೇ ಪಂದ್ಯಕ್ಕೆ ಮೊಣಕೈ ಕೈಕೊಟ್ಟಿತು. ಸರದಿಯಂತೆ ಆಟಗಾರರನ್ನು ಆರಿಸುವ ಲೀಗುಗಳಲ್ಲಿ ಅವನನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಂಡವರ ಸೀಸನ್ ಏಪ್ರಿಲ್‌ನಲ್ಲೇ ಮುಗಿಯಿತು. ಕ್ರೋಶೇ ಒಂದು ವರ್ಷದಲ್ಲಿ 146ರಿಂದ 205ಕ್ಕೆ ಜಿಗಿದಿದ್ದಾನೆ, ಅದರ ಮೇಲೆ ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ವಿರುದ್ಧ ಪ್ಲೇಆಫ್ ಪಂದ್ಯ ಬೇರೆ.

ಪ್ರಶ್ನೆ: ನಾವು ಶಿವಮೊಗ್ಗದಲ್ಲಿದ್ದೇವೆ. ಅಮೆರಿಕದಲ್ಲಿರುವ ಮಗ ರಾತ್ರಿಯೆಲ್ಲ ಯಾರೋ ಪಿಚರ್‌ನ ಅಂಕಿ ನೋಡುತ್ತಾ ಕೂರುತ್ತಾನೆ. ಇದು ನಮ್ಮ ಕ್ರಿಕೆಟ್ ಆ್ಯಪ್‌ಗಳ ಥರದ ಆಟನಾ?

ಉತ್ತರ: ಹೌದು, ಆದರೆ ಒಂದು ಪಂದ್ಯಕ್ಕೆ ಮುಗಿಯಲ್ಲ. ಮಾರ್ಚ್‌ನಲ್ಲಿ ಆಟಗಾರರನ್ನು ಹಂಚಿಕೊಂಡರೆ ಸೆಪ್ಟೆಂಬರ್ ಕೊನೆವರೆಗೂ ಅದೇ ಸಂಸಾರ. ಒಬ್ಬ ಆಟಗಾರ ಒಂದು ಲೀಗಿನಲ್ಲಿ ಒಬ್ಬರ ಹತ್ತಿರ ಮಾತ್ರ ಇರುತ್ತಾನೆ. ಅದಕ್ಕೇ ಅಷ್ಟೊಂದು ಚೌಕಾಸಿ. 1980ರಲ್ಲಿ ನ್ಯೂಯಾರ್ಕ್‌ನ ಲಾ ರೊಟಿಸರಿ ಫ್ರಾನ್ಸೇಸ್ ಅನ್ನೋ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದ ಗೆಳೆಯರು ಇದನ್ನು ಶುರು ಮಾಡಿದರು. ಇವತ್ತಿಗೂ ಈ ಪದ್ಧತಿಗೆ ಆ ಹೋಟೆಲಿನ ಹೆಸರೇ, ರೊಟಿಸರಿ. ದುಡ್ಡು ಕಟ್ಟಿ ಆಡುತ್ತಿದ್ದಾನಾ ಅಂತ ಮಾತ್ರ ಒಂದು ಸಲ ಕೇಳಿ. ನಿದ್ದೆ ಕೆಡೋದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಪ್ರಶ್ನೆ: ನಮ್ಮ ಲೀಗಿನಲ್ಲಿ ಗೆಲುವಿನ ಬದಲು ಕ್ವಾಲಿಟಿ ಸ್ಟಾರ್ಟ್ ಲೆಕ್ಕ. ನನ್ನ ಹತ್ತಿರ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ಇದ್ದಾನೆ. ಒಬ್ಬರು ಕ್ರೋಶೇಯನ್ನು ಕೊಡ್ತೀನಿ, ಸ್ಕೀನ್ಸ್‌ನನ್ನು ಕೊಡಿ ಅಂತಿದ್ದಾರೆ. 10–10ರ ಪಿಚರ್ ಬದಲು 18–5ರವನು ಸಿಗುತ್ತಾನಲ್ವಾ?

ಉತ್ತರ: ಕೊಡಬೇಡಿ. ಕೇಳುತ್ತಿರುವವರು ಜಾಣರು. 2025ರಲ್ಲಿ ಸ್ಕೀನ್ಸ್ ಹತ್ತು ಗೆದ್ದು ಹತ್ತು ಸೋತ, ನಿಜ. ಆದರೆ ಇಆರ್‌ಎ 1.97. ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಗೆ ಮತ ಹಾಕಿದ ಒಬ್ಬೊಬ್ಬರೂ ಮೊದಲ ಸ್ಥಾನಕ್ಕೆ ಅವನ ಹೆಸರನ್ನೇ ಬರೆದರು. ಅವನ ತಂಡ ಪೈರೇಟ್ಸ್ 91 ಪಂದ್ಯ ಸೋತಿತ್ತು. 2024ರ ಕ್ರೋಶೇ ಕಥೆಯೇ, ಊರು ಬೇರೆ.

ನಿಮ್ಮ ಲೀಗಿನಲ್ಲಿ ಗೆಲುವು ಕಮ್ಮಿ ಅನ್ನೋ ಕೊರತೆಯೂ ಲೆಕ್ಕಕ್ಕಿಲ್ಲ. ಕನಿಷ್ಠ ಆರು ಇನ್ನಿಂಗ್ಸ್ ಎಸೆದು, ಪಿಚರ್ ಲೆಕ್ಕಕ್ಕೆ ಬರುವ ರನ್ ಮೂರು ಅಥವಾ ಅದಕ್ಕಿಂತ ಕಮ್ಮಿ ಕೊಟ್ಟರೆ ಕ್ವಾಲಿಟಿ ಸ್ಟಾರ್ಟ್ ಸಿಕ್ಕಿತು. ತಂಡ ಗೆಲ್ಲಲಿ, ಸೋಲಲಿ. ಕ್ರೋಶೇ ಮುಂದಿರುವುದು ಸ್ಟ್ರೈಕ್‌ಔಟ್ ಸಂಖ್ಯೆಯಲ್ಲಿ, 216ಕ್ಕೆ 255. ಅದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬಹುದು. ಸ್ಕೀನ್ಸ್ ವಯಸ್ಸಿನಲ್ಲೂ ಮೂರು ವರ್ಷ ಚಿಕ್ಕವನು. ಕ್ರೋಶೇ ಜೊತೆಗೆ ಒಬ್ಬ ಒಳ್ಳೆಯ ಬ್ಯಾಟರ್‌ನನ್ನೂ ಸೇರಿಸಿ ಕೊಡ್ತೀನಿ ಅಂದರೆ ಮಾತಾಡಿ. ಸುಮ್ನೆ ಒಬ್ಬನಿಗೆ ಒಬ್ಬ ಅಂದರೆ ಫೋನ್ ಇಟ್ಟುಬಿಡಿ.