ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಹಾಕಿಸಲೇಬೇಕಾ?

ದವಡೆ ಹಲ್ಲಾದರೆ ಬಹುತೇಕ ಹೌದು. ಹುಳುಕು ತೆಗೆದು, ಒಳಗೆ ಕೊರೆದ ಮೇಲೆ ಹಲ್ಲಿನ ಗೋಡೆಗಳು ತೆಳುವಾಗಿರುತ್ತವೆ. ನೋವಿಲ್ಲ ಅಲ್ವಾ ಅಂತ ಸುಮ್ನೆ ಬಿಟ್ಟರೆ, ಗಟ್ಟಿಯಾದದ್ದೇನೋ ಕಡಿದಾಗ ಬೇರಿನವರೆಗೂ ಸೀಳಬಹುದು. ಆಮೇಲೆ ಕೀಳಿಸುವುದೊಂದೇ ದಾರಿ. ಮುಂದಿನ ಹಲ್ಲಾಗಿದ್ದು, ಹೆಚ್ಚು ಹಾಳಾಗಿಲ್ಲದಿದ್ದರೆ ಫಿಲ್ಲಿಂಗ್ ಸಾಕಾಗಬಹುದು.

ಒಂದು ವಿಷಯ ಗೊತ್ತಿರಲಿ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಒಂದೆರಡು ಮಿಲಿಮೀಟರ್ ಉಜ್ಜಿ ಸಣ್ಣ ಮಾಡುತ್ತಾರೆ. ಅದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಗಟ್ಟಿಮುಟ್ಟಾದ ಹಲ್ಲಿಗೆ ಬರೀ ಅಂದಕ್ಕೆ ಕ್ಯಾಪ್ ಹಾಕಿಸುವುದು ನನಗಂತೂ ಸರಿ ಕಾಣುವುದಿಲ್ಲ. ಸಂಶಯವಿದ್ದರೆ ‘ಗಟ್ಟಿ ಹಲ್ಲು ಎಷ್ಟು ಉಳಿದಿದೆ, ತೋರಿಸಿ’ ಅಂತ ಡಾಕ್ಟರನ್ನು ಕೇಳಿ.

ಸಾಮಾನ್ಯವಾಗಿ ಎರಡು ಸಲ ಹೋಗಬೇಕು. ಮೊದಲ ಸಲ ಉಜ್ಜಿ, ಅಳತೆ ತೆಗೆದು ತಾತ್ಕಾಲಿಕ ಕ್ಯಾಪ್ ಅಂಟಿಸುತ್ತಾರೆ. ಅದು ಸಡಿಲ ಅಂಟು, ಆ ಕಡೆ ಅಂಟಂಟಾದದ್ದು ಜಗಿಯಬೇಡಿ. ಎರಡನೇ ಸಲ ಅಸಲಿ ಕ್ಯಾಪ್ ಕೂರಿಸಿ, ಬಣ್ಣದ ಕಾಗದ ಕಚ್ಚಿಸಿ, ಗುರುತು ಜಾಸ್ತಿ ಬಿದ್ದ ಕಡೆ ಚೂರು ಉಜ್ಜುತ್ತಾರೆ. ಮನೆಗೆ ಬಂದ ಮೇಲೂ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದೆ ಅನಿಸಿದರೆ, ರೂಢಿಯಾಗುತ್ತೆ ಅಂತ ಕಾಯಬೇಡಿ. ಹೋಗಿ ಸರಿಮಾಡಿಸಿ, ಐದು ನಿಮಿಷದ ಕೆಲಸ.

ಕ್ಯಾಪ್‌ಗೆ ಹುಳುಕು ಹಿಡಿಯದಿದ್ದರೂ ಅದರ ಅಂಚಿನ ಕೆಳಗಿನ ಹಲ್ಲಿಗೆ ಹಿಡಿಯುತ್ತದೆ. ಒಸಡಿನ ಹತ್ತಿರ ಚೆನ್ನಾಗಿ ಉಜ್ಜಿಕೊಂಡರೆ 10ರಿಂದ 15 ವರ್ಷ ಬಾಳಿಕೆ ಬರುವುದು ಅಪರೂಪವೇನಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮಾತ್ರ ಮೊದಲೇ ಹೇಳಿಬಿಡಿ.