ಹುಡುಗರು ಅಂಗಡಿಗೆ ಬರುವ ಮುಂಚೆಯೇ ಶೂ ಆರಿಸಿಕೊಂಡಿರುತ್ತಾರೆ

ಹತ್ತನೇ ಕ್ಲಾಸಿನ ಮಗ ₹3,500ರ ಒಂದೇ ಶೂಗೆ ಪಟ್ಟು ಹಿಡಿದು ಕೂತಿದ್ದಾನೆ, ಈ ವಯಸ್ಸಿನವರು ಏನು ನೋಡಿ ವಸ್ತು ಆರಿಸುತ್ತಾರೆ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ನಮ್ಮದು ಚಪ್ಪಲಿ ಅಂಗಡಿ. 18 ವರ್ಷದಿಂದ ಗಲ್ಲಾದ ಮೇಲೆ ಕೂತು ಕಂಡದ್ದನ್ನು ಹೇಳುತ್ತೇನೆ.

ದೊಡ್ಡವರು ಬಂದರೆ "ಬಾಳಿಕೆ ಬರೋದು ತೋರ್ಸಿ" ಅಂತಾರೆ. ಹುಡುಗರು ಮೊಬೈಲ್ ಮುಂದೆ ಹಿಡಿದು "ಅಂಕಲ್, ಇದು ಇದೆಯಾ?" ಅಂತಾರೆ. ರೀಲ್ಸ್ ನೋಡುವಾಗಲೋ, ಗೆಳೆಯನ ಕಾಲು ನೋಡಿದಾಗಲೋ ಆಯ್ಕೆ ಮುಗಿದಿರುತ್ತದೆ. ಆಮೇಲೂ ಕೊನೆಯ ಒಪ್ಪಿಗೆ ಒಂದು ಬಾಕಿ. ಶೂ ಹಾಕಿದ ಕಾಲಿನ ಫೋಟೋ ಗ್ರೂಪಿಗೆ ಕಳಿಸಿ, ಉತ್ತರ ಬರುವ ತನಕ ನಿಂತಿರುತ್ತಾರೆ. ಒಂದು ಸಲ ಒಬ್ಬ ಹುಡುಗ ಅಳತೆಗೆ ಸರಿಯಾಗಿ ಕೂತಿದ್ದ, ತಾನೇ ಇಷ್ಟಪಟ್ಟಿದ್ದ ಶೂವನ್ನು ಮೊಬೈಲ್ ನೋಡಿದ ಮೇಲೆ ಸುಮ್ಮನೆ ಬಿಚ್ಚಿಟ್ಟು ಹೋದ. ಅವನ ಬಾಡಿದ ಮುಖ ನೆನೆದರೆ ಈಗಲೂ ಕಸಿವಿಸಿ ಆಗುತ್ತದೆ. ಶಾಲೆಯಲ್ಲಿ ಎಲ್ಲರದ್ದೂ ಒಂದೇ ಯೂನಿಫಾರ್ಮ್, ಒಂದೇ ಕರಿ ಶೂ. ತಾನೂ ಕಮ್ಮಿಯಿಲ್ಲ ಅಂತ ತೋರಿಸಲು ಟ್ಯೂಷನ್ನಿಗೆ ಮೆಟ್ಟಿಕೊಂಡು ಹೋಗುವ ಶೂ ಒಂದೇ ಅವರಿಗೆ ಉಳಿದಿರುವುದು. ಅದನ್ನು ಬರೀ ಶೋಕಿ ಅಂತ ದಯವಿಟ್ಟು ಬೈಯಬೇಡಿ.

ದುಡ್ಡು ತಮ್ಮದೇ ಆದಾಗ ಇದೇ ಮಕ್ಕಳು ಬೇರೆಯೇ ಆಗಿಬಿಡುತ್ತಾರೆ. ಹೋದ ವರ್ಷ ಪಿಯುಸಿ ಹುಡುಗಿಯೊಬ್ಬಳು ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು ತಂದಿದ್ದಳು. ನಾಲ್ಕು ಜೊತೆ ಹಾಕಿ ನೋಡಿದಳು, ಸೋಲ್ ಬಗ್ಗಿಸಿದಳು, ಆನ್‌ಲೈನ್ ರೇಟು ತೋರಿಸಿ ಚೌಕಾಸಿ ಮಾಡಿದಳು, "ಗಮ್ ಬಿಟ್ರೆ ಹೊಲಿಗೆ ಹಾಕ್ಸಿಕೊಡ್ತೀರಾ?" ಅಂತಲೂ ಕೇಳಿ ₹650ರ ಜೋಡು ಒಯ್ದಳು. ಅವಳಷ್ಟು ಪರೀಕ್ಷೆ ಮಾಡುವ ದೊಡ್ಡವರು ಅಪರೂಪ. ಅದಕ್ಕೇ ನೀವು ₹2,000 ಅವನ ಕೈಗೇ ಕೊಡಿ. ಹೆಚ್ಚಿನದು ಬೇಕಾದರೆ ಅವನು ಕೂಡಿಟ್ಟು ಹಾಕಬೇಕು, ಉಳಿದರೆ ಅವನಿಗೇ ಸೇರಬೇಕು. ನಾನು ಹೀಗೆ ಹೇಳಿಕೊಟ್ಟ ಮನೆಗಳಲ್ಲಿ ಹಟ ಎಷ್ಟೋ ಕಮ್ಮಿಯಾಗಿದೆ.

ಮೊಬೈಲಿನಲ್ಲಿ ಕೊಳ್ಳುವುದಾದರೆ ಪಕ್ಕದಲ್ಲಿ ಕೂತು ನೋಡಿ. ದುಡ್ಡು ಅಥವಾ ಬಿಟ್ಟಿ ಮಾಲು ಪಡೆದು ವಸ್ತುವನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲೇ ಹೇಳಿದೆ. ರೀಲ್‌ನಲ್ಲಿ ಆ ಮಾತು ಎಲ್ಲಿದೆ ಅಂತ ಅವನಿಂದಲೇ ಹುಡುಕಿಸಿ. "ಇನ್ನು 2 ಮಾತ್ರ ಉಳಿದಿವೆ" ಅಂತ ಸುಳ್ಳೇ ಅವಸರ ಹುಟ್ಟಿಸುವುದನ್ನೂ ಅದೇ ವರ್ಷದ ನವೆಂಬರಿನ ಮಾರ್ಗಸೂಚಿ ನಿಷೇಧಿಸಿದೆ. ಅಂಥ 13 ತಂತ್ರಗಳ ಪಟ್ಟಿ ಅದರಲ್ಲಿದೆ. ಮೋಸ ಹೋದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಅಂಗಡಿಗೇ ಹೋಗುವುದಾದರೆ ಅವನನ್ನೂ ಕರೆದುಕೊಂಡು ಸಂಜೆ ಹೊತ್ತು ಹೋಗಿ. ದಿನವೆಲ್ಲ ಓಡಾಡಿ ಪಾದ ತುಸು ಊದಿರುತ್ತದೆ, ಆಗ ಹಿಡಿಸಿದ್ದೇ ಸರಿಯಾದ ಸೈಜು. ಸಾಕ್ಸ್ ಸಮೇತ ಎರಡೂ ಕಾಲಿಗೆ ಹಾಕಿಸಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆಸಿ ನೋಡಿ.