ಉಕ್ಕನ್ನು ನಿಧಾನವಾಗಿ ಎಳೆದಾಗಲೂ, ಫಟ್ ಅಂತ ಬಡಿದಾಗಲೂ ಅದರ ಬಲ ಒಂದೇನಾ?

ಅಲ್ಲ. ಮೈಲ್ಡ್ ಸ್ಟೀಲ್, ಅಂದರೆ ಇಂಗಾಲ ಕಡಿಮೆ ಇರುವ ಸಾಮಾನ್ಯ ಉಕ್ಕನ್ನೇ ತೆಗೆದುಕೊಳ್ಳಿ. ಲ್ಯಾಬಿನಲ್ಲಿ ಮೆಲ್ಲಗೆ ಎಳೆದರೆ ಅದು ಸುಮಾರು 250 ಮೆಗಾಪಾಸ್ಕಲ್‌ಗೆ (ಇದು ಒಂದಿಷ್ಟು ಜಾಗದ ಮೇಲೆ ಬೀಳುವ ಬಲದ ಅಳತೆ) ಬಗ್ಗಲು, ಅಂದರೆ ಮತ್ತೆ ಮೊದಲಿನಂತಾಗದ ಹಾಗೆ ಆಕಾರ ಬದಲಿಸಲು, ಶುರುವಾಗುತ್ತದೆ. ಕಾರು ಡಿಕ್ಕಿಯಂಥ ವೇಗದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಲ ಬೇಕು, ಕೆಲವೊಮ್ಮೆ ಎರಡರಷ್ಟು.

ಯಾಕೆ ಹೀಗೆ? ಲೋಹ ಬಗ್ಗುವುದು ಅದರ ಹರಳುಗಳೊಳಗಿನ ಡಿಸ್‌ಲೊಕೇಶನ್ ಎಂಬ ದೋಷಗಳು ಜಾರುವುದರಿಂದ. ದಾರಿಯಲ್ಲಿ ಅಡ್ಡಿ ಬಂದರೆ, ಪರಮಾಣುಗಳ ಶಾಖದ ನಡುಕ ಅವನ್ನು ದಾಟಿಸುತ್ತದೆ. ಆದರೆ ಅದಕ್ಕೆ ಸ್ವಲ್ಪ ಸಮಯ ಬೇಕು ಅಲ್ವಾ? ಆ ಸಮಯವನ್ನೇ ಕೊಡದಿದ್ದರೆ, ಉಳಿದದ್ದನ್ನೆಲ್ಲ ಹೊರಗಿನ ಬಲವೇ ಮಾಡಬೇಕು. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಈ ವ್ಯತ್ಯಾಸ ಕಡಿಮೆ.

ಇನ್ನೊಂದು ಕಡೆ ಶಾಖದ ಆಟವೂ ಇದೆ. ಬಗ್ಗಿಸಲು ಹಾಕಿದ ಶಕ್ತಿಯ ಬಹುಪಾಲು ಬಿಸಿಯಾಗುತ್ತದೆ. ನಿಧಾನವಾದರೆ ಅದು ಹರಡಿಹೋಗುತ್ತದೆ, ವೇಗವಾದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಯಾದ ಜಾಗ ಮೆತ್ತಗಾಗಿ, ಮುಂದಿನ ಜಾರಾಟವೆಲ್ಲ ಅಲ್ಲಿಯೇ ನಡೆಯುತ್ತದೆ. ಲೇತ್‌ನಲ್ಲಿ ಟೈಟಾನಿಯಂ ಕೊರೆದಾಗ ಬರುವ ಚೂರನ್ನು ಹತ್ತಿರದಿಂದ ನೋಡಿ: ಅಂಚು ಗರಗಸದ ಹಲ್ಲಿನಂತಿರುತ್ತದೆ. ಹಲ್ಲು ಹಲ್ಲಿನ ನಡುವೆ ಇರುವುದು ಇಂಥ ತೆಳು ಬಿಸಿ ಪಟ್ಟಿ. ನನಗಂತೂ ಈ ವಿಷಯದಲ್ಲಿ ಅತಿ ಚಂದದ ದೃಶ್ಯ ಅದೇ.

ವೇಗವಾಗಿ ಬಡಿದಾಗ ಲೋಹದ ಬಲ ಎಷ್ಟು ಎಂದು ಅಳೆಯಲು 1949ರಲ್ಲಿ ವಿಜ್ಞಾನಿ ಕೋಲ್ಸ್ಕಿ ರೂಪಿಸಿದ ಸ್ಪ್ಲಿಟ್ ಹಾಪ್ಕಿನ್ಸನ್ ಬಾರ್ ಎಂಬ ಸಾಧನ ಇಂದಿಗೂ ಬಳಕೆಯಲ್ಲಿದೆ. ಎರಡು ಉದ್ದ ಸರಳುಗಳ ನಡುವೆ ಪರೀಕ್ಷಿಸಬೇಕಾದ ಲೋಹದ ಪುಟ್ಟ ಬಿಲ್ಲೆ ಇಟ್ಟು, ಒಂದು ತುದಿಗೆ ಹೊಡೆಯುತ್ತಾರೆ. ಉಕ್ಕಿನ ಸರಳಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. ಎಷ್ಟು ಅಲೆ ದಾಟಿತು, ಎಷ್ಟು ವಾಪಸ್ ಬಂತು ಎಂಬುದರಿಂದಲೇ ಬಿಲ್ಲೆಯ ಬಲ ಗೊತ್ತಾಗುತ್ತದೆ.